ನೆರೆ ನೀರು ಸಂಪಿಗೆ ಇಳಿಯದಂತೆ: ಕುರ್ಲಾದ ನಮ್ಮ ಕಟ್ಟಡದಲ್ಲಿ ಮಾಡಿದ ಕೆಲಸ

ಮುಂಬಯಿಯ ತಗ್ಗಿನಲ್ಲಿ ನೆರೆ ಬಂದಾಗ ಮುಳುಗಿದ ಸ್ಕೂಟರು, ಕೆಟ್ಟ ಫ್ರಿಜ್ಜು, ನಿಂತ ರೈಲುಗಳ ಮಾತೇ ಎಲ್ಲ ಕಡೆ ಕೇಳುತ್ತದೆ. ಅಷ್ಟರಲ್ಲಾಗಲೇ ಕುಡಿಯುವ ನೀರು ಹಾಳಾಗಿರುತ್ತದೆ. ನೆಲದಡಿಯ ಸಂಪಿಗೆ ಗಟಾರದ ನೀರು ಸದ್ದಿಲ್ಲದೆ ಇಳಿಯುತ್ತದೆ, ಪಂಪು ಅದನ್ನೇ ತಾರಸಿಗೆ ಎತ್ತುತ್ತದೆ, ನಾಲ್ಕನೇ ಮಹಡಿಯಲ್ಲಿ ಒಣ ನೆಲದ ಮೇಲೆ ನಿಂತವರ ನಲ್ಲಿಯಲ್ಲೂ ಅದೇ ಬರುತ್ತದೆ. 2025ರ ಆಗಸ್ಟ್ 18–19ರ ಮಳೆಯಲ್ಲಿ ನಮಗೆ ಆದದ್ದು ಇದೇ. ಅಂಗಳದಲ್ಲಿ ಮೊಣಕಾಲಿನವರೆಗಿನ ನೀರು ಒಂದೇ ರಾತ್ರಿಯಲ್ಲಿ ಇಳಿದುಹೋಯಿತು. ಸಂಪು ಸರಿಹೋಗಲು ಮಾತ್ರ ಎಷ್ಟೋ ದಿನ ಹಿಡಿಯಿತು. ಆ ಹೊತ್ತಿನಲ್ಲಿ ಪಕ್ಕದ ರಸ್ತೆಯ ನಮ್ಮೂರ ಕಡೆಯ ಹೋಟೆಲಿನವರು ದೊಡ್ಡ ಹಂಡೆಯಲ್ಲಿ ಕುದಿಸಿದ ನೀರು ಕೊಟ್ಟು ಮಕ್ಕಳಿರುವ ಮನೆಗಳನ್ನು ಕಾಪಾಡಿದರು.

ಕಟ್ಟಡ ನೆಲಮಹಡಿ ಸೇರಿ ಐದು ಅಂತಸ್ತಿನದು, ಹದಿನಾರು ಮನೆ, ಸುಮಾರು 70 ಜನ. ನೆಲದಡಿಯ ಸಂಪು 20,000 ಲೀಟರ್, ತಾರಸಿಯದು 10,000. ಮಿಠಿ ನದಿ ನಮಗೆ ದೂರವಿಲ್ಲ. ವಿಹಾರ ಮತ್ತು ಪವಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟಿ, ಕುರ್ಲಾ ದಾಟಿ, ಮಾಹಿಮ್ ಕೊಲ್ಲಿ ಸೇರುವ ಸುಮಾರು 18 ಕಿಲೋಮೀಟರಿನ ನದಿ ಅದು. ಸಮುದ್ರದಲ್ಲಿ ಭರತ ಇದ್ದಾಗ ಜೋರು ಮಳೆ ಹೊಯ್ದರೆ ನದಿಗೂ ಗಟಾರಕ್ಕೂ ಹೊರದಾರಿ ಇಲ್ಲ. 2005ರ ಜುಲೈ 26ರಂದು ಆದದ್ದೂ ಇದೇ: ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ, ಮಧ್ಯಾಹ್ನ ಸುಮಾರು ನಾಲ್ಕೂವರೆ ಮೀಟರಿನ ಭರತ. ಅಲ್ಲಿ ಇಡೀ ಮಳೆಗಾಲಕ್ಕೆ ಬೀಳುವುದು ಸರಾಸರಿ 2,300 ಮಿ.ಮೀ. ಆಸುಪಾಸು ಎಂದರೆ ಆ ಒಂದು ದಿನದ ಮಳೆ ಎಂಥದೆಂದು ತಿಳಿಯುತ್ತದೆ. ನಗರದ ಹಳೆಯ ಮಳೆನೀರಿನ ಗಟಾರಗಳನ್ನು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಿದ್ದರು. ಅದನ್ನು 50ಕ್ಕೆ ಏರಿಸುವ ಯೋಜನೆಯ ವರದಿ 1993ರಲ್ಲೇ ಬಂದಿದೆ, ಕೆಲಸ ಇಂದಿಗೂ ನಡೆಯುತ್ತಲೇ ಇದೆ.

ಅಂಗಳದ ನೀರನ್ನು ಹೊರಹಾಕಲು ದೊಡ್ಡ ಪಂಪು ತರೋಣ ಎಂಬುದು ಕಮಿಟಿಯ ಮೊದಲ ಸಲಹೆಯಾಗಿತ್ತು. ನಾನು ಒಪ್ಪಲಿಲ್ಲ. ರಸ್ತೆಯಲ್ಲೂ ಅಂಗಳದಲ್ಲೂ ನೀರು ಒಂದೇ ಮಟ್ಟದಲ್ಲಿ ನಿಂತಾಗ ಎಲ್ಲಿಂದ ಎಲ್ಲಿಗೆ ಎತ್ತುವುದು? ಹಾಕಿದ ನೀರು ಗೇಟಿನಿಂದ ಮತ್ತೆ ಒಳಗೆ ಬರುತ್ತದೆ. ನೆರೆ ಅಂಗಳಕ್ಕೆ ಬಂದೇ ಬರುತ್ತದೆ, ಸಂಪಿಗೆ ಬರಬಾರದು. ಹದಿನಾರು ಮನೆಯ ದುಡ್ಡಿನಲ್ಲಿ ಆಗುವ ಕೆಲಸ ಇಷ್ಟೇ, ಇದನ್ನಾದರೂ ಗಟ್ಟಿಯಾಗಿ ಮಾಡೋಣ ಎಂದೆ. ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿದವನೆಂದು ಕೆಲಸದ ಉಸ್ತುವಾರಿಯನ್ನು ನನಗೇ ಒಪ್ಪಿಸಿದರು.

ಮಟ್ಟ ಹಿಡಿದದ್ದು

ನೀರು ಎಷ್ಟು ಎತ್ತರ ಬರಬಹುದು ಎಂಬುದು ಗೊತ್ತಾಗದೆ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. 2025ರ ಗುರುತು ಕಾಂಪೌಂಡ್ ಗೋಡೆಯ ಮೇಲೆ ಕೆಸರಿನ ಗೆರೆಯಾಗಿ ಇನ್ನೂ ಇತ್ತು. 2005ರದಕ್ಕೆ ನೆಲಮಹಡಿಯ ಕುಂದಾಪುರದ ಅಜ್ಜಿಯನ್ನು ಕೇಳಿದೆ. ಅವರು ಗೋಡೆಯೊಳಗಿನ ಕಪಾಟಿನ ಹಲಗೆಯ ಮೇಲೆ ಕೈ ಇಟ್ಟು, "ಇಲ್ಲಿ ತನ್ಕ ನೀರ್ ಬಂದಿತ್, ಕಾಣ್ ಮಗಾ. ಅಕ್ಕಿ ಡಬ್ಬಿ ತೇಲ್ತಾ ಇದ್ದಿತ್" ಎಂದರು. ಆ ಹಲಗೆಯ ಮರ ಈಗಲೂ ಒಂದು ಮಟ್ಟದವರೆಗೆ ಕಪ್ಪಾಗಿ ಉಬ್ಬಿಕೊಂಡಿದೆ.

ಅಲ್ಲಿಂದ ಅಂಗಳಕ್ಕೆ ಮಟ್ಟ ಒಯ್ಯಲು ಮೇಸ್ತ್ರಿಗಳ ಪಾರದರ್ಶಕ ಪೈಪು ಸಾಕು. ಪೈಪಿನಲ್ಲಿ ನೀರು ತುಂಬಿ, ಒಂದು ತುದಿಯನ್ನು ಕಪಾಟಿನ ಗುರುತಿಗೆ ಹಿಡಿದು, ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ತಂದೆವು. ಒಳಗೆ ಗಾಳಿಯ ಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ, ಹಾಗಾಗಿ ಪೈಪನ್ನು ತಟ್ಟಿ ತಟ್ಟಿ ಗುಳ್ಳೆ ಬಿಡಿಸಬೇಕು. ಸಂಪಿನ ಚಪ್ಪಡಿಯಿಂದ ಲೆಕ್ಕ ಹಾಕಿದರೆ 2025ರ ನೀರು 20 ಇಂಚು, 2005ರದು 50 ಇಂಚು. ಎರಡನ್ನೂ ಗೋಡೆಯ ಮೇಲೆ ಕೆಂಪು ಆಯಿಲ್ ಪೇಂಟಿನಲ್ಲಿ ಬರೆಸಿದೆ. ಮುಂದಿನ ಕೆಲಸಕ್ಕೆಲ್ಲ ಆ ಎರಡು ಗೆರೆಗಳೇ ಆಧಾರ.

ನೀರು ಒಳಬರುವ ದಾರಿಗಳು

ಮುಚ್ಚಳ ಎಲ್ಲರ ಕಣ್ಣಿಗೂ ಕಾಣುತ್ತದೆ. ನಮ್ಮ ಬೀಡಿನ ಮುಚ್ಚಳ ಅಂಗಳದ ನೆಲಕ್ಕೆ ಸಮನಾಗಿಯೇ ಇತ್ತು. ಸಂಪು ಖಾಲಿ ಮಾಡಿಸಿ, ರಾತ್ರಿಯಿಡೀ ಬಾಯಿ ತೆರೆದಿಟ್ಟು, ಬ್ಲೋವರ್‌ನಿಂದ ಗಾಳಿ ಹಾಯಿಸಿ, ಸೊಂಟಕ್ಕೆ ಹಗ್ಗ ಕಟ್ಟಿದ ಒಬ್ಬನನ್ನು ಒಳಗಿಳಿಸಿ, ಮೇಲೆ ಇಬ್ಬರು ಹಗ್ಗ ಹಿಡಿದು ಕೂತು ನೋಡಿದಾಗ ಉಳಿದ ದಾರಿಗಳೂ ಕಂಡವು. ಈ ಎಚ್ಚರಿಕೆಯಲ್ಲಿ ಯಾವುದನ್ನೂ ಬಿಡಬೇಡಿ. ಮುಚ್ಚಿದ ಟಾಂಕಿಯೊಳಗೆ ಉಸಿರುಗಟ್ಟಿ ಸಾಯುವವರ ಸುದ್ದಿ ಪ್ರತಿವರ್ಷ ಓದುತ್ತೇವೆ. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಒಳಗೆ ಇಳಿಸಲೇಬಾರದು.

ಹೆಚ್ಚಾದ ನೀರು ಹರಿದುಹೋಗುವ ಓವರ್‌ಫ್ಲೋ ಪೈಪು ಸೀದಾ ಗಟಾರಕ್ಕೆ ಬಾಯಿಬಿಟ್ಟಿತ್ತು. ಗಟಾರ ತುಂಬಿದರೆ ಅದೇ ಪೈಪು ಒಳದಾರಿ. ಅಂಗಳದಲ್ಲಿ ನೀರು ಕಾಣಿಸಿಕೊಳ್ಳುವ ಮುಂಚೆಯೇ ನಮ್ಮ ಸಂಪು ಕೆಟ್ಟಿದ್ದು ಹೀಗೆ. ಗಾಳಿಕೊಳವೆ ನೆಲದಿಂದ ಗೇಣುದ್ದ ಮಾತ್ರ ಮೇಲಿತ್ತು. ಕೇಬಲ್ ಬರುವ ಪೈಪಿನ ಬಾಯಿ ಬರೀ ತೂತು. ಒಳಗೋಡೆಯಲ್ಲಿ ಪೈಪು ಹಾಯುವ ಜಾಗದ ಸಿಮೆಂಟು ಬಿಟ್ಟುಕೊಂಡಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಹೊರಗಿತ್ತು. ಮಹಾನಗರಪಾಲಿಕೆಯ ಮುಖ್ಯ ಪೈಪಿನಿಂದ ನಮಗೆ ಬರುವ ಕವಲು ಪೈಪು ಗಟಾರದೊಳಗಿಂದಲೇ ಹಾದುಬಂದು ತುಕ್ಕು ಹಿಡಿದಿತ್ತು. ಇಲ್ಲಿ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ನೀರು ಬರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ತೂತಿದ್ದರೆ ಹೊರಕ್ಕೆ ಸೋರುತ್ತದೆ. ನೀರು ನಿಂತ ಮೇಲೆ ಪೈಪು ಬರಿದಾಗುತ್ತ ಅದೇ ತೂತಿನಿಂದ ಗಟಾರದ ನೀರನ್ನು ಒಳಕ್ಕೆಳೆಯುತ್ತದೆ. ನೆರೆ ಇಲ್ಲದ ದಿನವೂ ಇದು ನಡೆಯುತ್ತಿರುತ್ತದೆ. ವಾರ್ಡ್ ಕಚೇರಿಯ ಅನುಮತಿ ಪಡೆದು, ಪರವಾನಗಿ ಇರುವ ಪ್ಲಂಬರನಿಂದ ಆ ತುಂಡನ್ನು ತೆಗೆಸಿ, ಹೊಸ ಪೈಪನ್ನು ಗಟಾರದ ಮೇಲಿಂದ ಹಾಯಿಸಿದೆವು. ಸಂಪಿನ ವಾಲ್ವಿಗಿಂತ ಹಿಂದೆ ಒಂದು ಸಣ್ಣ ನಲ್ಲಿಯನ್ನೂ ಕೂಡಿಸಿದೆವು, ಅದರ ಉಪಯೋಗ ಮುಂದೆ ಬರುತ್ತದೆ.

ಬಾಯಿ ಎತ್ತರಿಸಿದ್ದು

ಸಂಪಿನ ಬಾಯಿಯನ್ನು 50 ಇಂಚಿಗಿಂತ ಮೇಲಕ್ಕೇ ಕಟ್ಟಿಬಿಡಬಹುದಿತ್ತು. ಆದರೆ ಅಷ್ಟು ಎತ್ತರದ ಚಿಮಣಿಯಂಥ ಬಾಯಿಯಿಂದ, ಒಳಗೆ ತಲೆಸುತ್ತಿ ಬಿದ್ದವನನ್ನು ಎತ್ತುವುದು ಬಲು ಕಷ್ಟ. ಅದಕ್ಕೆ ಕಾಂಕ್ರೀಟ್ ಕಟ್ಟೆಯನ್ನು 30 ಇಂಚಿಗೆ ನಿಲ್ಲಿಸಿ, ಅದರ ಮೇಲಿನ ಎತ್ತರಕ್ಕೆ ನೀರು ಬಿಗಿಯುವ ಮುಚ್ಚಳವನ್ನು ನೆಚ್ಚಿದೆವು. ಎರಡಡಿ ಚೌಕದ ಸ್ಟೀಲ್ ಮುಚ್ಚಳ, ಸುತ್ತ ರಬ್ಬರ್ ಗ್ಯಾಸ್ಕೆಟ್, ಎಂಟು ಬೋಲ್ಟು. 2005ರ ಮಟ್ಟ ಮತ್ತೆ ಬಂದರೆ ಮುಚ್ಚಳದ ಮೇಲೆ 20 ಇಂಚು ನೀರು ನಿಲ್ಲುತ್ತದೆ, ಅಂದರೆ ಹೆಚ್ಚುಕಡಿಮೆ 190 ಕಿಲೋ ಭಾರ. ಆ ಭಾರ ಮುಚ್ಚಳವನ್ನು ಗ್ಯಾಸ್ಕೆಟ್‌ಗೆ ಇನ್ನಷ್ಟು ಒತ್ತಿ ಹಿಡಿಯುತ್ತದೆ.

ಮೇಸ್ತ್ರಿ ಕಲಬುರಗಿ ಕಡೆಯ ಅಫಜಲಪುರದವರು. ಮುಂಬಯಿಯ ಅರ್ಧ ಗೋಡೆಗಳಲ್ಲಿ ಆ ಕಡೆಯವರ ಬೆವರಿದೆ. ಹಳೆಯ ಚಪ್ಪಡಿಯ ಮೇಲೆ ಹೊಸ ಕಟ್ಟೆ ಕೂರಿಸುವಾಗ ನೀರು ಸೋರುವುದೇ ಆ ಸಂದಿಯಲ್ಲಿ. ಅವರು ಮಾಡಿದ ರೀತಿ ನೋಡುವಂತಿತ್ತು. "ಹಳೇ ಕಾಂಕ್ರೀಟ್ ಮ್ಯಾಲ ಹೊಸದು ಹಂಗೇ ಹಿಡಿಯಂಗಿಲ್ರೀ ಸರ. ಮೊದಲ ಅದನ್ನ ಗಾಯ ಮಾಡಬೇಕು, ಆಮ್ಯಾಲ ನೀರ ಕುಡಸಬೇಕು" ಎಂದರು. ಉಳಿ ಹಿಡಿದು ಸುತ್ತಲೂ ಜಲ್ಲಿ ಕಾಣುವಷ್ಟು ಕಚ್ಚು ಹಾಕಿ, ತಂತಿಬ್ರಷ್‌ನಿಂದ ಉಜ್ಜಿ, ಧೂಳನ್ನೆಲ್ಲ ಊದಿ ತೆಗೆದರು. ರಂಧ್ರ ಕೊರೆದು ಎಂಟು ಮಿ.ಮೀ. ಸರಳುಗಳನ್ನು ಎಪಾಕ್ಸಿಯಲ್ಲಿ ಕೂರಿಸಿದರು. ಹಿಂದಿನ ಸಂಜೆಯೇ ಒದ್ದೆ ಗೋಣಿ ಹೊದಿಸಿ, ಬೆಳಿಗ್ಗೆ ಮೇಲಿನ ನೀರು ಒರೆಸಿ, ಸಿಮೆಂಟಿನ ಗಂಜಿ ಬಳಿದು, ಅದು ಹಸಿಯಾಗಿರುವಾಗಲೇ ಕಾಂಕ್ರೀಟ್ ಸುರಿದರು. ಹೊರಮೂಲೆಗೆ ಇಲ್ಲಿನವರು ವಾಟಾ ಎನ್ನುವ ಇಳಿಜಾರು ಗಾರೆ. ಏಳು ದಿನ ಗೋಣಿ ಒಣಗಗೊಡಲಿಲ್ಲ. ಬಲವಂತ ಮಾಡಿ ಮೂರೇ ದಿನಕ್ಕೆ ಮುಚ್ಚಳ ಕೂರಿಸಲು ಹೇಳಿದವರಿದ್ದರು. ಮೇಸ್ತ್ರಿ ಕೇಳಲಿಲ್ಲ, ನಾನೂ ಅವರ ಪರವೇ ನಿಂತೆ.

ಓವರ್‌ಫ್ಲೋ: ಸುಲಭ ಕಂಡ ದಾರಿ ಏಕೆ ಬೇಡವಾಯಿತು

ಬಾಯಿ ಎತ್ತರವಾದ ಮೇಲೆ ಓವರ್‌ಫ್ಲೋ ಪೈಪನ್ನೂ ಕಟ್ಟೆಯ ಮೇಲ್ಭಾಗಕ್ಕೆ ಎತ್ತಿಬಿಟ್ಟರೆ ಗಟಾರದ ಸಂಬಂಧವೇ ತಪ್ಪುತ್ತದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಪ್ಲಂಬರ್ ಹೇಳಿದ್ದೂ ಅದನ್ನೇ. ಸ್ಟ್ರಕ್ಚರಲ್ ಇಂಜಿನಿಯರ್ ತಡೆದರು. ಅವರ ಲೆಕ್ಕ ಹೀಗಿದೆ: ಸಂಪು ತುಂಬಿದಾಗ ನೀರನ್ನು ತಾನೇ ನಿಲ್ಲಿಸುವ ಬಾಲ್‌ಕಾಕ್ ಒಂದು ದಿನ ಕೈಕೊಟ್ಟರೆ ನೀರು ಚಪ್ಪಡಿಯನ್ನು ದಾಟಿ ಕಟ್ಟೆಯೊಳಗೆ 30 ಇಂಚು ಏರುತ್ತದೆ. ಚಪ್ಪಡಿಯ ಐದು ಇಂಚು ದಪ್ಪವೂ ಸೇರಿ ಅದರ ತಳಕ್ಕೆ 35 ಇಂಚು ನೀರಿನ ಒತ್ತಡ, ಅಂದರೆ ಪ್ರತಿ ಚದರ ಮೀಟರನ್ನು ನೀರು ಕೆಳಗಿನಿಂದ ಸುಮಾರು 890 ಕಿಲೋ ಭಾರದಷ್ಟು ಮೇಲಕ್ಕೆ ಒತ್ತುತ್ತದೆ. ಐದು ಇಂಚಿನ ಚಪ್ಪಡಿಯ ಸ್ವಂತ ತೂಕ ಚದರ ಮೀಟರಿಗೆ 310 ಕಿಲೋ ಆಸುಪಾಸು. ಮೇಲೆ ನಿಲ್ಲುವ ಕಾರಿನ ಭಾರಕ್ಕೆಂದು ಕಬ್ಬಿಣವನ್ನು ಚಪ್ಪಡಿಯ ಕೆಳಪದರದಲ್ಲಿ ಕಟ್ಟಿರುತ್ತಾರೆ. ಕೆಳಗಿನ ಒತ್ತಡಕ್ಕೆ ಅದು ಕೆಲಸಕ್ಕೆ ಬಾರದು, ಚಪ್ಪಡಿ ಬಿರುಕು ಬಿಡುತ್ತದೆ. ನೆರೆಯಿಂದ ಕಾಪಾಡಲು ಹೋಗಿ ಸಂಪನ್ನೇ ಒಡೆದುಕೊಂಡಂತೆ ಆಗುತ್ತಿತ್ತು. ಸಂಪಿನ ಬಾಯಿ ಎತ್ತರಿಸುವವರೆಲ್ಲ ಈ ಒಂದು ಲೆಕ್ಕವನ್ನು ಇಂಜಿನಿಯರ್ ಹತ್ತಿರ ಮಾಡಿಸಲೇಬೇಕು.

ಹಾಗಾಗಿ ಓವರ್‌ಫ್ಲೋ ಹಳೆಯ ಮಟ್ಟದಲ್ಲೇ ಉಳಿಯಿತು. ಅದನ್ನು ಗಟಾರಕ್ಕೆ ಬಿಡುವ ಮುಂಚೆ ಒಂದು ಇಟ್ಟಿಗೆ ಚೇಂಬರ್ ಕಟ್ಟಿ, ಅಲ್ಲಿ ಹೊರಕ್ಕೆ ಮಾತ್ರ ತೆರೆಯುವ ಫ್ಲಾಪ್ ವಾಲ್ವ್ ಹಾಕಿದೆವು. ವಾಲ್ವ್ ಬಿಗಿಯುತ್ತದೋ ಇಲ್ಲವೋ ಎಂದು ತಿಳಿಯಲು ಚೇಂಬರಿನಲ್ಲಿ ನೀರು ತುಂಬಿ, ಬಟ್ಟೆಗೆ ಹಾಕುವ ನೀಲಿಯನ್ನು ಕಲಕಿ, ಖಾಲಿ ಸಂಪಿನೊಳಗೆ ಟಾರ್ಚ್ ಬಿಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಪೈಪಿನ ತುಟಿಯಿಂದ ಗೋಡೆಗುಂಟ ದಾರದಷ್ಟು ಸಣ್ಣ ನೀಲಿ ಗೆರೆ ಇಳಿಯತೊಡಗಿತು. ಬಿಚ್ಚಿ ನೋಡಿದರೆ ರಬ್ಬರಿನ ಅಂಚಿನಲ್ಲಿ ಒಂದು ಮರಳಿನ ಹರಳು. ಅದನ್ನು ತೆಗೆದು ಮತ್ತೆ ನೀಲಿ ತುಂಬಿದಾಗ ಒಂದು ಹನಿಯೂ ಬರಲಿಲ್ಲ. ಕಟ್ಟಿ ಮುಗಿಸಿದ ಶುದ್ಧ ಚೇಂಬರಿನಲ್ಲೇ ಹೀಗಾದರೆ ನೆರೆಯ ರಾಡಿ ಹೊತ್ತ ಗಟಾರದಲ್ಲಿ ಫ್ಲಾಪ್ ಒಂದನ್ನೇ ನೆಚ್ಚುವಂತಿಲ್ಲ. ಅದರ ಹಿಂದೆ ಕೈಯಿಂದ ತಿರುಗಿಸುವ ಗೇಟ್ ವಾಲ್ವ್ ಒಂದನ್ನು ಸೇರಿಸಿದೆವು.

ಗಾಳಿಕೊಳವೆಯನ್ನು ಗೋಡೆಗುಂಟ ಆರಡಿಗೆ ಏರಿಸಿ, ತುದಿ ಬಗ್ಗಿಸಿ, ಸೊಳ್ಳೆ ನುಗ್ಗದ ಸಣ್ಣ ಜಾಲರಿ ಕಟ್ಟಿದೆ. ಮಲೇರಿಯಾ ಹರಡುವ ಸೊಳ್ಳೆ ಈ ಊರಿನಲ್ಲಿ ಶುದ್ಧ ನೀರಿನ ಟಾಂಕಿಗಳಲ್ಲೇ ಮೊಟ್ಟೆಯಿಡುತ್ತದೆ, ಪಾಲಿಕೆಯವರು ಬಂದು ನೋಡುವುದೂ ಅದನ್ನೇ. ಮುಚ್ಚಳ ಬಿಗಿಯಾದ ಮೇಲೆ ಸಂಪು ಉಸಿರಾಡುವುದು ಈ ಕೊಳವೆಯೊಂದರಿಂದ, ಇದು ಕಟ್ಟಿಕೊಂಡರೆ ಪಂಪು ಎಳೆಯುವಾಗ ಒಳಗೆ ನಿರ್ವಾತವಾಗುತ್ತದೆ.

ಪಂಪು, ಕರೆಂಟು

ಖರ್ಚಿನ ಅರ್ಧಕ್ಕಿಂತ ಹೆಚ್ಚು ಹೋದದ್ದು ಇಲ್ಲಿ. ಮೆಟ್ಟಿಲ ಕೆಳಗಿನ ಗುಂಡಿಯಲ್ಲಿದ್ದ ಹಳೆಯ ಮಾನೊಬ್ಲಾಕ್ ಪಂಪು ನೆರೆಗೆ ಮೊದಲ ಬಲಿ. ಅದರ ಬದಲು ಸಂಪಿನ ನೀರಿನೊಳಗೇ ಕೂರುವ ಎರಡು ಎಚ್‌ಪಿಯ ಓಪನ್‌ವೆಲ್ ಸಬ್‌ಮರ್ಸಿಬಲ್ ತಂದೆವು. ಕೊಳ್ಳುವಾಗ ನೀರು ತುಂಬಿದ ಮೋಟಾರಿನದನ್ನೇ ಕೇಳಿ. ಎಣ್ಣೆ ತುಂಬಿದ್ದಾದರೆ ಸೀಲು ಹೋದ ದಿನ ಎಣ್ಣೆ ಕುಡಿಯುವ ನೀರಿಗೆ ಸೇರುತ್ತದೆ. ಪ್ಯಾನಲನ್ನು ಮೆಟ್ಟಿಲಿನ ನಡುಹಂತಕ್ಕೆ, 2005ರ ಗೆರೆಗಿಂತ ಮೇಲಕ್ಕೆ ಏರಿಸಿ, ಕರೆಂಟು ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರಿನ ಇಎಲ್‌ಸಿಬಿ ಹಾಕಿಸಿದೆ. ಪಂಪಿನಿಂದ ಪ್ಯಾನಲಿನವರೆಗೆ ಕೇಬಲಿಗೆ ನಡುವೆ ಎಲ್ಲೂ ಜಾಯಿಂಟ್ ಇಲ್ಲ. ಕೇಬಲ್ ಸಂಪಿಗಿಳಿಯುವಲ್ಲಿ ನೀರು ನುಗ್ಗದಂತೆ ಗ್ಲ್ಯಾಂಡ್ ಬಿಗಿದಿದೆ.

ನೆರೆಯಲ್ಲಿ ಕರೆಂಟು ತೆಗೆಯುತ್ತಾರೆ, ತೆಗೆಯಲೇಬೇಕು. ಆಗ ತಾರಸಿಯ 10,000 ಲೀಟರೇ ಗತಿ. ತಲೆಗೆ ದಿನಕ್ಕೆ 135 ಲೀಟರಿನ ಸಾಮಾನ್ಯ ಲೆಕ್ಕದಲ್ಲಿ ಅದು ಒಂದು ದಿನಕ್ಕೆ ಮುಗಿಯುತ್ತದೆ. 20 ಲೀಟರಿಗೆ ಇಳಿಸಿದರೆ ಒಂದು ವಾರ ಬರುತ್ತದೆ. ಆಪತ್ತಿನ ಪರಿಹಾರ ಶಿಬಿರಗಳಲ್ಲಿ ಕನಿಷ್ಠವೆಂದು ಒಪ್ಪಿದ ಅಳತೆ 15 ಲೀಟರ್. ಅದಕ್ಕೆ ತಾರಸಿಯಿಂದ ಇಳಿಯುವ ಪೈಪುಗಳಲ್ಲಿ ಸಂಡಾಸಿನ ಸಾಲಿಗೂ ಅಡುಗೆಮನೆಯ ಸಾಲಿಗೂ ಬೇರೆ ಬೇರೆ ವಾಲ್ವ್ ಹಾಕಿದೆವು. ಆಪತ್ತಿನಲ್ಲಿ ಸಂಡಾಸಿನ ಸಾಲು ಬಂದ್, ಅದಕ್ಕೆ ಮಳೆನೀರು. ನಮ್ಮ ತಾರಸಿ 180 ಚದರ ಮೀಟರ್, ಒಂದು ಮಿ.ಮೀ. ಮಳೆಗೆ ಚದರ ಮೀಟರಿಗೆ ಒಂದು ಲೀಟರ್. 2005ರ ಆ ದಿನ ಇದೊಂದೇ ತಾರಸಿಯ ಮೇಲೆ ಸುಮಾರು 1,70,000 ಲೀಟರ್ ಬಿದ್ದು ಗಟಾರ ಸೇರಿದೆ. ಈಗ ಒಂದು ಕೊಳವೆಗೆ ಮೊದಲ ಕೊಳೆನೀರು ಬೇರೆಯಾಗಿ ಹೋಗುವ ವ್ಯವಸ್ಥೆ ಮಾಡಿ ತಲಾ ಸಾವಿರ ಲೀಟರಿನ ಎರಡು ಟಾಂಕಿ ಇಟ್ಟಿದ್ದೇವೆ. ಖಾಲಿ ಪ್ಲಾಸ್ಟಿಕ್ ಟಾಂಕಿ ನೆರೆಯಲ್ಲಿ ತೇಲಿಹೋಗುತ್ತದೆ, ಪಟ್ಟಿ ಹಾಕಿ ಗೋಡೆಗೆ ಬಿಗಿದಿದೆ.

ತೊಳೆದು, ಪರೀಕ್ಷಿಸಿ, ತುಂಬಿದ್ದು

ಕುಡಿಯುವ ನೀರಿಗೆ ತಕ್ಕದೆಂದು ಬರೆದಿರುವ ಸಿಮೆಂಟ್ ಲೇಪನ ಒಳಗೋಡೆಗೆ ಎರಡು ಕೈ. ಅದು ಒಣಗಿದ ಮೇಲೆ ಉಜ್ಜಿ ತೊಳೆದು, ಬ್ಲೀಚಿಂಗ್ ಪೌಡರಿನ ಗಟ್ಟಿ ದ್ರಾವಣವನ್ನು ಹೊರಗೆ ನಿಂತೇ ಗೋಡೆಗೆ ಸಿಂಪಡಿಸಿ, ಅರ್ಧ ಗಂಟೆ ಬಿಟ್ಟು ತೊಳೆದು ಹೊರಹಾಕಿದೆವು. ನಂತರ ದಿನನಿತ್ಯದ ನೀರಿನ ಲೆಕ್ಕ: 1,000 ಲೀಟರಿಗೆ 5 ಗ್ರಾಂ, 20,000 ಲೀಟರಿಗೆ 100 ಗ್ರಾಂ. ಪುಡಿಯಲ್ಲಿ ನೂರಕ್ಕೆ 30ರಷ್ಟು ಕ್ಲೋರಿನ್ ಇದ್ದರೆ ಲೀಟರಿಗೆ ಒಂದೂವರೆ ಮಿಲಿಗ್ರಾಂ ಸಿಗುತ್ತದೆ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಮುಂಬಯಿಯ ತೇವಕ್ಕೆ ಈ ಪುಡಿ ಬೇಗ ಸತ್ತುಹೋಗುತ್ತದೆ. ಸಣ್ಣ ಪ್ಯಾಕೆಟ್ ಕೊಂಡು ತಾರೀಕು ನೋಡಿ, ಮೂಗಿಗೆ ಖಾರ ತಟ್ಟದ ಪುಡಿಯನ್ನು ವಾಪಸ್ ಮಾಡಿ. ಅರ್ಧ ಗಂಟೆ ಕಳೆದ ಮೇಲೆ ಕ್ಲೋರಿನ್ ಇದ್ದರೆ ನೀರನ್ನು ಹಳದಿ ಮಾಡುವ ಓಟಿ (ಆರ್ಥೋಟಾಲಿಡಿನ್) ದ್ರಾವಣ ಹಾಕಿ ಬಣ್ಣ ನೋಡುವುದು. ನೀರಿನಲ್ಲಿ ಉಳಿದ ಕ್ಲೋರಿನ್ ಸಾಮಾನ್ಯ ದಿನ ಲೀಟರಿಗೆ 0.2 ಮಿಲಿಗ್ರಾಂ, ನೆರೆಯ ನಂತರ 0.5 ಇರಬೇಕು. ಜೊತೆಗೆ ನೀರಿಗೆ ಮಲದ ಕ್ರಿಮಿ ಸೇರಿದೆಯೇ ಎಂದು ತೋರಿಸುವ ಎಚ್‌ಟುಎಸ್ ಬಾಟಲಿ: ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟು ಒಂದೆರಡು ದಿನ ಬಿಟ್ಟರೆ, ಕೆಟ್ಟ ನೀರು ಕಪ್ಪಾಗುತ್ತದೆ. ಆಗಸ್ಟಿನಲ್ಲಿ ತೆಗೆದ ಮಾದರಿ ಮರುದಿನ ಬೆಳಿಗ್ಗೆಯೇ ಕಪ್ಪಾಗಿತ್ತು. ಕೆಲಸ ಮುಗಿದ ಮೇಲಿನದು ಎರಡು ದಿನ ಕಳೆದರೂ ಬಣ್ಣ ಬದಲಿಸಲಿಲ್ಲ.

ರೆಡ್ ಅಲರ್ಟ್ ಬಂದರೆ

ವಾಲ್ವುಗಳ ಮೇಲೆ ದೊಡ್ಡದಾಗಿ ಅಂಕಿ ಬರೆಸಿ, ಮಾಡಬೇಕಾದ ಕ್ರಮವನ್ನು ಮರಾಠಿ ಮತ್ತು ಹಿಂದಿಯಲ್ಲಿ ವಾಚ್‌ಮನ್ ಕೋಣೆಯ ಬಾಗಿಲಿಗೆ ಅಂಟಿಸಿದೆ. ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ಬೆಳಿಗ್ಗೆ, ಪಾಲಿಕೆಯ ನೀರು ಬರುವಾಗಲೇ, ತಾರಸಿ ತುಂಬಿಸಿ ನಂತರ ಸಂಪನ್ನು ಕಂಠಮಟ್ಟ ತುಂಬಿಸುವುದು. ಖಾಲಿ ಸಂಪನ್ನು ನೆರೆಗೆ ಬಿಡಬಾರದು. ನೆಲದ ನೀರು ಏರಿದಾಗ ಅದು ಮೇಲೇಳಲು ನೋಡುತ್ತದೆ, ಸಣ್ಣ ಬಿರುಕಿನಿಂದಲೂ ಹೊರನೀರು ಒಳಕ್ಕೆ ಬರುತ್ತದೆ. ತುಂಬಿದ ಸಂಪಿನಲ್ಲಿ ಒಳಗಿನ ನೀರು ಹೊರಗಿನದಕ್ಕೆ ಎದುರು ನಿಲ್ಲುತ್ತದೆ. ತುಂಬಿದ ಮೇಲೆ ಪಾಲಿಕೆಯ ನೀರಿನ ವಾಲ್ವ್ ಬಂದ್, ಆಮೇಲೆ ಓವರ್‌ಫ್ಲೋ ವಾಲ್ವ್ ಬಂದ್. ಈ ಕ್ರಮ ತಿರುವುಮುರುವಾಗಕೂಡದು, ಚಪ್ಪಡಿಯ ಲೆಕ್ಕ ಮೇಲೆ ಹೇಳಿದ್ದೇನೆ. ಅಂಗಳಕ್ಕೆ ನೀರು ಬಂದ ತಕ್ಷಣ ಪಂಪಿನ ಮೇನ್ ಆಫ್.

ನೆರೆ ಇಳಿದ ಮೇಲೂ ಪಾಲಿಕೆಯ ನೀರನ್ನು ಸೀದಾ ಸಂಪಿಗೆ ಬಿಡುವುದಿಲ್ಲ. ವಾಲ್ವಿನ ಹಿಂದೆ ಕೂಡಿಸಿದ ನಲ್ಲಿಯಿಂದ ಮೊದಲ ನೀರನ್ನು ಹೊರಗೆ ಬಿಟ್ಟು, ಬಣ್ಣ, ವಾಸನೆ, ಕ್ಲೋರಿನ್ ನೋಡಿ, ಆಮೇಲೆ ಒಳಗೆ. 2021ರ ಜುಲೈಯಲ್ಲಿ ಭಾಂಡುಪ್‌ನ ಶುದ್ಧೀಕರಣ ಘಟಕಕ್ಕೇ ಮಳೆನೀರು ನುಗ್ಗಿ, ನಗರದ ಬಹುಭಾಗಕ್ಕೆ ನೀರು ನಿಂತು, ನೀರು ಕುದಿಸಿ ಕುಡಿಯಿರಿ ಎಂದು ಪಾಲಿಕೆಯೇ ಹೇಳಬೇಕಾಯಿತು. ನಗರಕ್ಕೆ ನೀರು ಕೊಡುವ ಏಳು ಕೆರೆಗಳಲ್ಲಿ ನೀರಿದ್ದರೂ ಪಂಪು ಮುಳುಗಿದರೆ ನಲ್ಲಿ ಒಣಗುತ್ತದೆ ಎಂಬುದನ್ನು ಇಡೀ ಊರು ಅಂದು ಕಂಡಿತು.

ಇಬ್ಬರೂ ವಾಚ್‌ಮನ್‌ಗಳಿಂದ ಈ ಕ್ರಮವನ್ನು ಮಾಡಿಸಿ ನೋಡಿದ್ದೇವೆ. ರಾತ್ರಿ ಪಾಳಿಯವರಿಗೆ ಓವರ್‌ಫ್ಲೋ ವಾಲ್ವಿನ ಚಕ್ರ ಬಿಗಿಯಾಯಿತು, ಉದ್ದ ಹಿಡಿಯ ಕೀಲಿ ಮಾಡಿಸಿ ಪ್ಯಾನಲಿನ ಪಕ್ಕ ತೂಗುಹಾಕಿದೆ. ಬಾಕಿ ಉಳಿದಿರುವುದು ನೆಲಮಹಡಿಯ ಸಂಡಾಸುಗಳಿಗೆ ಚರಂಡಿ ನೀರು ಹಿಂದಕ್ಕೆ ಬರದಂತೆ ಕೊನೆಯ ಚೇಂಬರಿನಲ್ಲಿ ತಡೆವಾಲ್ವ್ ಹಾಕುವ ಕೆಲಸ. ಅದರ ಅಂದಾಜುಪಟ್ಟಿ ಕಮಿಟಿಯ ಮುಂದಿದೆ. ಕುಂದಾಪುರದ ಅಜ್ಜಿಯ ಮನೆಗೆ ಎಲ್ಲಕ್ಕಿಂತ ಬೇಕಾದದ್ದು ಅದೇ ಆದ್ದರಿಂದ ಮೇ ತಿಂಗಳೊಳಗೆ ಮುಗಿಸಲೇಬೇಕೆಂದು ಪಟ್ಟು ಹಿಡಿದಿದ್ದೇನೆ. ಮುಚ್ಚಳದ ಗ್ಯಾಸ್ಕೆಟನ್ನೂ ಫ್ಲಾಪಿನ ರಬ್ಬರನ್ನೂ ಪ್ರತಿವರ್ಷ ಅದೇ ತಿಂಗಳು ನೀಲಿ ನೀರಿನಲ್ಲಿ ಪರೀಕ್ಷಿಸುವುದೆಂದು ಸೊಸೈಟಿಯ ನಡಾವಳಿ ಪುಸ್ತಕದಲ್ಲಿ ಬರೆಸಿಯಾಗಿದೆ.